ದೇವರಾಯನದುರ್ಗದ ತುದಿಗೆ ಒಂದು ಬೆಳಗು: ಹೇಗೆ ಹೋಗಬೇಕು, ಏನು ನೋಡಬೇಕು, ಎಲ್ಲಿ ಎಡವುತ್ತಾರೆ

‘ದೇವರಾಯನದುರ್ಗದಲ್ಲಿ ನೋಡೋಕೆ ಏನಿದೆ?’ ತುಮಕೂರು ಕಡೆಯವರು ಅಂತ ಗೊತ್ತಾದ ಕೂಡಲೇ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇದೇ. ಅದರ ಹಿಂದೆಯೇ ಇನ್ನು ಮೂರು ಬರುತ್ತವೆ. ಎಷ್ಟು ಹೊತ್ತಿಗೆ ಹೋದರೆ ಚೆನ್ನ? ಅಮ್ಮನಿಗೆ ಮಂಡಿನೋವು, ಹತ್ತಬಹುದಾ? ಮಂಜು ಸಿಗುತ್ತಾ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಇಲ್ಲಿ ಎಲ್ಲ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಹೋಗಿ ಬಂದವರಲ್ಲಿ ಕೆಲವರು ‘ಅಲ್ಲೇನೂ ಇಲ್ಲಪ್ಪ, ಬರೀ ಕೋತಿ’ ಅನ್ನುತ್ತಾರೆ. ವಿಚಾರಿಸಿದರೆ ಭಾನುವಾರ ಮಧ್ಯಾಹ್ನ 12ಕ್ಕೆ ಹೋಗಿ, ಕಾರಿನಿಂದ ಇಳಿದು, ನಾಲ್ಕು ಫೋಟೊ ತೆಗೆದು ಬಂದಿರುತ್ತಾರೆ. ಆ ಹೊತ್ತಲ್ಲಿ ನಿಜವಾಗಿಯೂ ಅಲ್ಲಿ ಬಿಸಿಲು ಮತ್ತು ಕೋತಿ ಎರಡೇ ಇರುವುದು. ಈ ಬೆಟ್ಟದಲ್ಲಿ ನೋಡಬೇಕಾದದ್ದು ಬಂಡೆ ಮತ್ತು ನೀರು. ಎರಡೂ ತಾವಾಗಿ ಕಣ್ಣಿಗೆ ಬೀಳುವುದಿಲ್ಲ, ಸ್ವಲ್ಪ ಹುಡುಕಬೇಕು.

ಬೆಟ್ಟದ ಲೆಕ್ಕಾಚಾರ ಹೀಗಿದೆ. ತುಮಕೂರಿನಿಂದ ಪೂರ್ವಕ್ಕೆ ಸುಮಾರು 15 ಕಿ.ಮೀ., ಬೆಂಗಳೂರಿನಿಂದ ಸುಮಾರು 70 ಕಿ.ಮೀ. ತುದಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 1200 ಮೀಟರ್. ಬೆಟ್ಟಕ್ಕೆ ಮೂರು ಮಟ್ಟ. ಕೆಳಗೆ ಊರು ಮತ್ತು ಭೋಗನರಸಿಂಹನ ದೇವಸ್ಥಾನ, ನಡುವೆ ಪ್ರವಾಸಿ ಮಂದಿರದ ಮಟ್ಟ, ಎಲ್ಲಕ್ಕಿಂತ ಮೇಲೆ ಯೋಗನರಸಿಂಹನ ಗುಡಿ ಇರುವ ಕುಂಭಿ. ಹಿಂದೆ ಇಲ್ಲಿ ಜಡಕ ಅನ್ನುವ ಪಾಳೆಯಗಾರ ಇದ್ದನಂತೆ, ಆಗ ಇದು ಜಡಕನ ದುರ್ಗ. 1673ರಿಂದ 1704ರವರೆಗೆ ಆಳಿದ ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗ ಆಯಿತು. ಭಕ್ತರ ಬಾಯಲ್ಲಿ ಕರಿಗಿರಿ. ಒಂದು ದಿಕ್ಕಿನಿಂದ ನೋಡಿದರೆ ಆನೆ ಮಲಗಿದ ಹಾಗೆ ಕಾಣುತ್ತದೆ ಅಂತ ಆ ಹೆಸರು.

1. ದಿನ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳಿ

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಅಕ್ಟೋಬರ್‌ನಿಂದ ಜನವರಿವರೆಗೆ ಒಳ್ಳೆಯ ಕಾಲ. ಮಳೆ ಕಡಿಮೆಯಾಗುತ್ತ ಬರುತ್ತದೆ, ಹಸಿರು ಇನ್ನೂ ಇರುತ್ತದೆ, ಕಲ್ಲು ಕಾಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಬೆಟ್ಟದ ಮೇಲೇ ಕೂತಿರುತ್ತದೆ. ನೋಡಲು ಚೆಂದ, ಕಾಲಿಡಲು ಜಾರು. ಮಾರ್ಚ್‌ನಿಂದ ಮೇವರೆಗೆ ಹೋಗಲೇಬೇಕೆಂದಿದ್ದರೆ ಬೆಳಿಗ್ಗೆ 9ರೊಳಗೆ ಇಳಿದುಬಿಡಿ.

ಮಂಜಿನ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಿಂದಿನ ದಿನ ಮಳೆಯಾಗಿ ನೆಲ ನೆನೆದಿರಬೇಕು, ರಾತ್ರಿ ಆಕಾಶ ತಿಳಿಯಾಗಿರಬೇಕು, ಗಾಳಿ ಇರಬಾರದು. ಆಗ ಮೋಡದ ಹೊದಿಕೆ ಇಲ್ಲದೆ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿಯಲ್ಲಿರುವ ತೇವ ಸಣ್ಣ ಹನಿಗಳಾಗಿ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಬೆಟ್ಟದ ಮೇಲೆ ನಿಂತವರಿಗೆ ಅದು ಕೆಳಗೆ ಹರಡಿದ ಹಾಲಿನ ಹಾಗೆ ಕಾಣುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಬರೀ ಮಸುಕು. ಹಾಗಾಗಿ ‘ಈ ವಾರ ಮಂಜು ಇರುತ್ತಾ’ ಅಂತ ನನ್ನನ್ನು ಕೇಳಬೇಡಿ. ಹಿಂದಿನ ರಾತ್ರಿ ಮನೆಯ ಹೊರಗೆ ಬಂದು ಆಕಾಶ ನೋಡಿ.

ಚಳಿಯ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸಾಮಾನ್ಯವಾಗಿ 6ರಿಂದ 7 ಡಿಗ್ರಿ ಇಳಿಯುತ್ತದೆ. ತುಮಕೂರು ಪಟ್ಟಣವೇ 800 ಮೀಟರ್‌ಗಿಂತ ಮೇಲಿದೆ. ಅಂದರೆ ತುದಿಯಲ್ಲಿ ಪೇಟೆಗಿಂತ ಎರಡು-ಮೂರು ಡಿಗ್ರಿ ಕಡಿಮೆ, ಅಷ್ಟೇ. ನಡುಗಿಸುವುದು ಗಾಳಿ. ದಪ್ಪ ಸ್ವೆಟರ್ ಬೇಡ, ಗಾಳಿ ತಡೆಯುವ ತೆಳು ಜಾಕೆಟ್ ಸಾಕು.

ಇನ್ನು ಸೂರ್ಯೋದಯ. ನನ್ನ ಕೇಳಿದರೆ ಆ ಹುಚ್ಚು ಬಿಡಿ. ಜನವರಿಯಲ್ಲಿ ಸೂರ್ಯ ಹುಟ್ಟುವುದು 6.45ರ ಆಸುಪಾಸು. ಆ ಹೊತ್ತಿಗೆ ತುದಿಯಲ್ಲಿರಬೇಕು ಅಂದರೆ ಕಾಡಿನ ರಸ್ತೆಯಲ್ಲಿ ಕತ್ತಲಲ್ಲೇ ಹೋಗಬೇಕು. ಇದು ಚಿರತೆ, ಕರಡಿ ಓಡಾಡುವ ಕಾಡು. ಬೆಳಗಿನ ಜಾವ ಅವಕ್ಕೂ ಓಡಾಡುವ ಹೊತ್ತೇ. ಬೈಕಿನಲ್ಲಿ ಒಬ್ಬರೇ ಹೋಗುವವರಿಗಂತೂ ಖಂಡಿತ ಬೇಡ. ಬೆಳಕು ಹರಿದ ಮೇಲೆ ಬೆಟ್ಟದ ಬುಡ ತಲುಪಿ. ಮಂಜು ಬಿಸಿಲಿಗೆ ಎದ್ದು, ಚೂರು ಚೂರಾಗಿ ಹರಿದು ಹೋಗುವುದನ್ನು ನೋಡುವುದೇ ಸೊಗಸು. ಅದು ಏಳೂವರೆ, ಎಂಟರ ಹೊತ್ತಿಗೆ ನಡೆಯುತ್ತದೆ.

ಫಾಲ್ಗುಣ ಮಾಸದಲ್ಲಿ, ಅಂದರೆ ಮಾರ್ಚ್ ಸುಮಾರಿಗೆ ಭೋಗನರಸಿಂಹನ ರಥೋತ್ಸವ. ತೇರು ನೋಡಬೇಕೆಂದರೆ ಆಗಲೇ ಬನ್ನಿ. ಬೆಟ್ಟ ನೋಡಬೇಕೆಂದರೆ ಆ ದಿನಗಳನ್ನು ತಪ್ಪಿಸಿ.

2. ಚೀಲಕ್ಕೆ ಏನು ಹಾಕಬೇಕು

- ತಲೆಗೆ ಎರಡು ಲೀಟರ್ ನೀರು. ಸ್ಟೀಲ್ ಬಾಟಲಿಯಲ್ಲಿ, ಚೀಲದ ಒಳಗೆ.
- ಹಿಡಿತ ಇರುವ ಶೂ. ಹವಾಯಿ ಚಪ್ಪಲಿಯಲ್ಲಿ ಮೆಟ್ಟಿಲು ಹತ್ತಬಹುದು, ಬಂಡೆ ಮೇಲೆ ಆಗಲ್ಲ.
- ದಪ್ಪ ಕಾಲುಚೀಲ. ಗುಡಿಯ ಹತ್ತಿರ ಚಪ್ಪಲಿ ಬಿಡಬೇಕು. ಹನ್ನೊಂದರ ಮೇಲೆ ಆ ಕಲ್ಲು ಕಾದ ಹೆಂಚಿನ ಥರ ಇರುತ್ತದೆ.
- ಜಿಪ್ ಇರುವ, ಬೆನ್ನಿಗೆ ಹಾಕುವ ಚೀಲ. ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಕಾರಣ 5ನೇ ಹಂತದಲ್ಲಿದೆ.
- ಚಿಲ್ಲರೆ ದುಡ್ಡು, ಮುಂಚೆಯೇ ಡೌನ್‌ಲೋಡ್ ಮಾಡಿಕೊಂಡ ಮ್ಯಾಪ್, ಕಸ ತುಂಬಿಕೊಳ್ಳಲು ಒಂದು ಖಾಲಿ ಚೀಲ.

ಸುಗಂಧ ಬಳಿದುಕೊಂಡು ಬರಬೇಡಿ. ಇದಕ್ಕೂ ಕಾರಣ ಇದೆ, ಹೇಳುತ್ತೇನೆ.

3. ದಾರಿ

ತುಮಕೂರಿನಿಂದ ಹೋಗುವವರು ಬೆಳಗುಂಬ ದಾಟಿ ಹೋಗಬೇಕು. ಸ್ವಲ್ಪ ದೂರಕ್ಕೆ ಹೊಲಗಳು ಮುಗಿದು ಕಾಡು ಶುರುವಾಗುತ್ತದೆ. ನಾಮದ ಚಿಲುಮೆ ಇದೇ ದಾರಿಯಲ್ಲಿ ಸಿಗುತ್ತದೆ, ಆದರೆ ಹೋಗುವಾಗ ನಿಲ್ಲಿಸಬೇಡಿ. ಮೊದಲು ತುದಿ, ವಾಪಸ್ ಬರುವಾಗ ಚಿಲುಮೆ.

ಬೆಂಗಳೂರಿನಿಂದ ಬರುವವರಿಗೆ ಎರಡು ದಾರಿ. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿ ಊರ್ಡಿಗೆರೆ ಮೇಲೆ ಹೋಗುವುದು ಒಂದು. ಕ್ಯಾತ್ಸಂದ್ರ, ತುಮಕೂರಿನವರೆಗೆ ಬಂದು ಬೆಳಗುಂಬದ ರಸ್ತೆ ಹಿಡಿಯುವುದು ಇನ್ನೊಂದು. ನನ್ನ ಸಲಹೆ: ಹೋಗುವಾಗ ಊರ್ಡಿಗೆರೆ, ಬರುವಾಗ ಚಿಲುಮೆ ನೋಡಿಕೊಂಡು ತುಮಕೂರು. ಒಂದೇ ರಸ್ತೆಯನ್ನು ಎರಡು ಸಲ ನೋಡುವುದು ತಪ್ಪುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೂ ಸಿಗುತ್ತದೆ.

ಬಸ್ಸಿನವರಿಗೆ ಎರಡು ಎಚ್ಚರಿಕೆ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ‘ದುರ್ಗದ ಬಸ್ಸು ಎಲ್ಲಿ ನಿಲ್ಲುತ್ತೆ’ ಅಂತ ಕೇಳಬೇಡಿ, ಚಿತ್ರದುರ್ಗದ ಬಸ್ಸು ತೋರಿಸುತ್ತಾರೆ. ದೇವರಾಯನದುರ್ಗ ಅಂತ ಪೂರ್ತಿ ಹೆಸರು ಹೇಳಿ. ಎರಡನೆಯದು, ಬಸ್ಸುಗಳು ಕಡಿಮೆ. ಇಳಿಯುವಾಗಲೇ ಕಂಡಕ್ಟರ್‌ನ ಕೇಳಿ ವಾಪಸ್ ಬಸ್ಸಿನ ಹೊತ್ತು ಬರೆದುಕೊಳ್ಳಿ. ಮ್ಯಾಪ್ ನೋಡಿಕೊಂಡು ಬರುವವರಿಗೂ ಒಂದು ಮಾತು: ಇದೇ ಜಿಲ್ಲೆಯಲ್ಲಿ ಚನ್ನರಾಯನದುರ್ಗ ಅಂತ ಇನ್ನೊಂದು ಬೆಟ್ಟ ಇದೆ. ಹೆಸರು ಅವಸರದಲ್ಲಿ ಓದಿದರೆ ಕೊರಟಗೆರೆ ದಾಟಿ ಅಲ್ಲಿಗೆ ಹೋಗುತ್ತೀರಿ.

4. ಗಾಡಿ ಹತ್ತಿಸುವುದು, ಇಳಿಸುವುದು

ಕೆಳಗಿನ ಊರಿನಿಂದ ಮೇಲಿನ ಮೆಟ್ಟಿಲ ಸಾಲಿನವರೆಗೆ ಗಾಡಿ ಹೋಗುತ್ತದೆ. ರಸ್ತೆ ಕಿರಿದು, ತಿರುವುಗಳು ಬಿಗಿ. ತಿರುವಿನಲ್ಲಿ ಹಾರ್ನ್ ಮಾಡಿ, ಮೇಲೇರುವವರಿಗೆ ದಾರಿ ಬಿಡಿ.

ಅಪಘಾತ ಜಾಸ್ತಿ ಆಗುವುದು ಇಳಿಯುವಾಗ. ಗೇರ್ ತಪ್ಪಿಸಿ, ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಸುತ್ತೇನೆ ಅಂತ ಇಳಿಸುವವರನ್ನು ಈಗಲೂ ನೋಡುತ್ತೇನೆ. ಬ್ರೇಕ್ ಒಂದೇ ಸಮನೆ ಒತ್ತಿದರೆ ಕಾದು ಹಿಡಿತ ಬಿಡುತ್ತದೆ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಆಗ ಎಂಜಿನ್ನೇ ವೇಗ ಹಿಡಿದುಕೊಳ್ಳುತ್ತದೆ. ಎಂಜಿನ್ ಬ್ರೇಕ್ ಅಂತ ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ. ಸುಟ್ಟ ರಬ್ಬರಿನಂಥ ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಹೊರಡಿ. ಕಾದ ಬ್ರೇಕಿಗೆ ನೀರು ಸುರಿಯಬೇಡಿ.

ಆಗುವವರು ಗಾಡಿಯನ್ನು ಕೆಳಗೇ ಬಿಟ್ಟು ನಡೆದು ಹತ್ತಿ. ರಸ್ತೆ ಬದಿಯ ಮರಗಳಲ್ಲಿ ಹಕ್ಕಿ ಕಾಣುವುದು ನಡೆಯುವವರಿಗೇ. ಫೆಬ್ರವರಿ, ಮಾರ್ಚ್‌ನಲ್ಲಾದರೆ ಮುತ್ತುಗದ ಮರಗಳು ಎಲೆ ಉದುರಿಸಿ ಬರೀ ಕೆಂಪು ಹೂವಿನಲ್ಲಿ ನಿಂತಿರುತ್ತವೆ.

5. ಕೋತಿ ಮತ್ತು ಹೆಜ್ಜೇನು

ಮೆಟ್ಟಿಲು ಹತ್ತುವ ಮುಂಚೆ ಇದನ್ನು ಓದಿ.

ಇಲ್ಲಿನ ಕೋತಿಗಳಿಗೆ ಪ್ಲಾಸ್ಟಿಕ್ ಕವರ್ ಸರಪರ ಅಂದರೆ ತಿಂಡಿ ಅಂತ ಅರ್ಥ. ಅದರಲ್ಲಿ ನಿಮ್ಮ ಮಾತ್ರೆ ಇದೆಯೋ ಮೊಬೈಲ್ ಇದೆಯೋ ಅವಕ್ಕೆ ಬೇಕಿಲ್ಲ. ಹಣ್ಣುಕಾಯಿ ತಟ್ಟೆ ಹಿಡಿದು ಹತ್ತುವವರಂತೂ ಅರ್ಧ ದಾರಿಯಲ್ಲೇ ಬಾಳೆಹಣ್ಣು ಕಳೆದುಕೊಳ್ಳುತ್ತಾರೆ. ಪೂಜೆ ಸಾಮಾನು ಜಿಪ್ ಚೀಲದೊಳಗೆ ಇರಲಿ. ಕನ್ನಡಕ ಹಾಕುವವರು ದಾರ ಕಟ್ಟಿಕೊಳ್ಳಿ. ಕಾರಿನ ಕಿಟಕಿ ಪೂರ್ತಿ ಏರಿಸಿ.

ಕೋತಿ ಏನಾದರೂ ಕಿತ್ತುಕೊಂಡರೆ ಎಳೆದಾಡಬೇಡಿ, ಬಿಟ್ಟುಬಿಡಿ. ಹಲ್ಲು ಕಿರಿದು ನಿಂತರೆ ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ನಿಧಾನಕ್ಕೆ ಹಿಂದೆ ಸರಿಯಿರಿ. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ‘ಸುಮ್ನೆ ಪರಚಿದ್ದು’ ಅಂತ ಬಿಡಬೇಡಿ. ರೇಬೀಸ್ ಲಸಿಕೆ ಬೇಕಾ ಬೇಡವಾ ಅನ್ನುವುದನ್ನು ಡಾಕ್ಟರೇ ಹೇಳಲಿ. ಮತ್ತೆ, ದಯವಿಟ್ಟು ಬಿಸ್ಕತ್ತು ಹಾಕಬೇಡಿ. ಇವತ್ತು ನೀವು ಹಾಕಿದ ಬಿಸ್ಕತ್ತಿಗೆ ನಾಳೆ ಬರುವ ಮಗುವಿನ ಕೈಗೆ ಬೀಳುತ್ತದೆ ಪರಚು.

ಹೆಜ್ಜೇನು ಕೋತಿಗಿಂತ ದೊಡ್ಡ ಅಪಾಯ, ಆದರೆ ಯಾರೂ ಯೋಚಿಸಿರುವುದಿಲ್ಲ. ನಮ್ಮ ಕಡೆಯ ಕಡಿದಾದ ಬಂಡೆಗಳ ಹೊಟ್ಟೆಯಲ್ಲಿ ಕಪ್ಪಗೆ, ಮೊರದಗಲ ನೇತಾಡುತ್ತಿರುತ್ತವಲ್ಲ, ಅವು ಹೆಜ್ಜೇನಿನ ಹುಟ್ಟಿ. ಹೊಗೆ, ಕಟುವಾದ ಸುಗಂಧ, ಪಟಾಕಿ, ಕಲ್ಲೆಸೆತ, ಹತ್ತಿರ ಹಾರುವ ಡ್ರೋನ್ ಇವುಗಳಿಂದ ಕೆರಳುತ್ತವೆ. ಒಂದು ಕಚ್ಚಿದರೆ ಆ ವಾಸನೆಗೆ ಉಳಿದವೂ ಬರುತ್ತವೆ. ಎದ್ದವು ಅಂದರೆ ಕೈ ಬೀಸುತ್ತ ನಿಲ್ಲಬೇಡಿ. ಮುಖ, ಕತ್ತು ಬಟ್ಟೆಯಿಂದ ಮುಚ್ಚಿಕೊಂಡು ಕಾರಿಗೋ ಕಟ್ಟಡಕ್ಕೋ ಬೇಗ ಹೋಗಿ ಬಾಗಿಲು ಹಾಕಿ. ಬಂಡೆ ಮೇಲಿದ್ದರೆ ಅಂಚು ಯಾವ ಕಡೆ ಅನ್ನುವ ಎಚ್ಚರ ಇರಲಿ. ಮುಳ್ಳನ್ನು ಉಗುರಿನಿಂದ ಕೆರೆದು ತಡಮಾಡದೆ ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ ಮುಖ ಊದಿದರೆ, ತುಂಬಾ ಕಚ್ಚಿದ್ದರೆ ನೇರ ಆಸ್ಪತ್ರೆಗೆ.

6. ಮೆಟ್ಟಿಲು ಹತ್ತಿ ಯೋಗನರಸಿಂಹನ ಗುಡಿಗೆ

ಮಂಡಿನೋವಿನ ಪ್ರಶ್ನೆಗೆ ಇಲ್ಲಿ ಉತ್ತರ. ಗಾಡಿ ನಿಲ್ಲಿಸಿದ ಮೇಲೆ ಉಳಿಯುವುದು ಕಲ್ಲು ಮೆಟ್ಟಿಲುಗಳು ಮಾತ್ರ. ದಿನಾ ಸ್ವಲ್ಪ ನಡೆಯುವ ಅಭ್ಯಾಸ ಇರುವ ಅರವತ್ತು ದಾಟಿದವರು ಕೂತು ಎದ್ದು ಹತ್ತುವುದನ್ನು ನೋಡುತ್ತಲೇ ಇರುತ್ತೇನೆ. ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ, ಒಂದು ಗೇಣಿದ್ದರೆ ಇನ್ನೊಂದು ಒಂದೂವರೆ ಗೇಣು. ಹತ್ತುವಾಗ ಉಸಿರು ಕಷ್ಟ, ಇಳಿಯುವಾಗ ಮಂಡಿ ಕಷ್ಟ. ಹಾಗಾಗಿ ಅಮ್ಮನ ಕೈಗೆ ಒಂದು ಕೋಲು ಕೊಡಿ, ಇಳಿಯುವಾಗ ಸ್ವಲ್ಪ ಓರೆಯಾಗಿ ಇಳಿಯಲು ಹೇಳಿ. ಎದೆನೋವು, ಉಬ್ಬಸ ಇರುವವರು ಕೆಳಗಿನ ಭೋಗನರಸಿಂಹನ ದರ್ಶನ ಮಾಡಿ ಕೂತರೆ ಏನೂ ಕಡಿಮೆಯಾಗುವುದಿಲ್ಲ.

ಗುಡಿ ಬಾಗಿಲು ತೆರೆಯುವ ಹೊತ್ತು ವಾರ, ಹಬ್ಬ ನೋಡಿಕೊಂಡು ಬದಲಾಗುತ್ತದೆ. ಹತ್ತುವ ಮುಂಚೆ ಕೆಳಗಿನ ದೇವಸ್ಥಾನದಲ್ಲೇ ಕೇಳಿಕೊಳ್ಳಿ. ಹತ್ತಿ ಹೋಗಿ ಬೀಗ ನೋಡಿ ಬಂದವರು ತುಂಬಾ ಜನ.

7. ತುದಿಯಲ್ಲಿ ನಿಂತು ನೋಡುವುದು

ಇಲ್ಲಿ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಮೂರು ಕೆಲಸ ಇದೆ.

ಮೊದಲು ಬಂಡೆಯ ಮೇಲೆ ಕೂತು ಅದರ ಮೈ ನೋಡಿ. ಅಂಗೈಯಷ್ಟು ಜಾಗ ಸಾಕು. ಗುಲಾಬಿ ಅಥವಾ ಬೂದು ಬಣ್ಣದ ದಪ್ಪ ತುಂಡುಗಳು ಕಾಣುತ್ತವೆ, ಅದು ಫೆಲ್ಡ್‌ಸ್ಪಾರ್. ಅದರ ನಡುವೆ ಗಾಜಿನ ಚೂರಿನ ಹಾಗೆ ಇರುವುದು ಕ್ವಾರ್ಟ್ಜ್, ಅಂದರೆ ಬೆಣಚು. ಬಿಸಿಲಿಗೆ ಮಿಣಮಿಣ ಅನ್ನುವ ಕಪ್ಪು ಚುಕ್ಕೆ ಕಾಗೆಬಂಗಾರ. ಈ ಮೂರು ಸೇರಿದರೆ ಗ್ರಾನೈಟ್. ಈ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್. ಕ್ಲೋಸ್‌ಪೇಟೆ ಅಂದರೆ ಬೇರೆಲ್ಲೂ ಅಲ್ಲ, ನಮ್ಮ ರಾಮನಗರದ ಹಳೆಯ ಹೆಸರು. ನೆಲದಾಳದಲ್ಲಿ ಕರಗಿದ್ದ ಕಲ್ಲು ನಿಧಾನಕ್ಕೆ ಆರಿ ಗಟ್ಟಿಯಾದದ್ದು ಸುಮಾರು 250 ಕೋಟಿ ವರ್ಷದ ಹಿಂದೆ. ನಿಧಾನಕ್ಕೆ ಆರಿದ್ದರಿಂದಲೇ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ ಬೆಳೆದಿವೆ.

ಬಂಡೆ ಈರುಳ್ಳಿಯ ಹಾಗೆ ಪದರ ಪದರ ಕಳಚುವುದನ್ನೂ ಗಮನಿಸಿ. ಮೇಲಿದ್ದ ನೆಲ ಸವೆದು ಭಾರ ಇಳಿದಾಗ ಒಳಗಿನ ಕಲ್ಲು ಸಡಿಲಗೊಂಡು ಬಿರುಕು ಬಿಡುತ್ತದೆ. ಹಗಲಿನ ಬಿಸಿ, ರಾತ್ರಿಯ ತಂಪು, ಮಳೆಯ ನೀರು ಸೇರಿ ಆ ಪದರವನ್ನು ಎಬ್ಬಿಸುತ್ತವೆ. ಅಂಚಿನಲ್ಲಿ ಎದ್ದಿರುವ ಪದರದ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬೇಡಿ ಅಂತ ಹೇಳುವುದು ಇದಕ್ಕೇ. ಗಟ್ಟಿ ಬಂಡೆಯಂತೆ ಕಾಣುವುದು ಬರೀ ಚಪ್ಪಡಿ ಇರಬಹುದು.

ಎರಡನೇ ಕೆಲಸ, ದಿಕ್ಕು. ಫೋನಿನ ದಿಕ್ಸೂಚಿ ತೆರೆದು ದಕ್ಷಿಣಕ್ಕೆ ತಿರುಗಿ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಮೊನಚಾದ ಶಿವಗಂಗೆ. ಈಗ ನೇರ ಹಿಂದಕ್ಕೆ, ಉತ್ತರಕ್ಕೆ ತಿರುಗಿ. ಸಾಲು ಬೆಟ್ಟಗಳಾಚೆ ಮಧುಗಿರಿ. ಈ ಮೂರೂ ಬೆಟ್ಟ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿ ಇರುವುದು ಆಕಸ್ಮಿಕ ಅಲ್ಲ. ರಾಮನಗರ, ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ, ಪಾವಗಡ ಎಲ್ಲವೂ ದಕ್ಷಿಣದಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಅದೇ ಗ್ರಾನೈಟ್ ಪಟ್ಟಿಯ ಮೇಲಿನ ಊರುಗಳು. ಸುತ್ತಲಿನ ಮೆತ್ತನೆಯ ನೆಲ ಸವೆದು ಹೋಯಿತು, ಗಟ್ಟಿ ಕಲ್ಲು ನಿಂತಿತು. ಪಾಳೆಯಗಾರರು ಕೋಟೆ ಕಟ್ಟಲು ಆರಿಸಿಕೊಂಡದ್ದು ಇವೇ ಬೆಟ್ಟಗಳನ್ನು. ಹೆಸರುಗಳಲ್ಲಿ ದುರ್ಗ, ಗಿರಿ, ಗಡ ಸೇರಿಕೊಂಡಿರುವುದು ಸುಮ್ನೆ ಅಲ್ಲ.

ಮೂರನೆಯದು ನೀರು. ನನಗೆ ಈ ಬೆಟ್ಟದಲ್ಲಿ ಎಲ್ಲಕ್ಕಿಂತ ಇಷ್ಟವಾದ ವಿಷಯ ಇದು. ಜಯಮಂಗಲಿ ಮತ್ತು ಶಿಂಷಾ, ಎರಡು ನದಿಗಳು ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಜಯಮಂಗಲಿ ಉತ್ತರದ ದಾರಿ ಹಿಡಿದು, ಆಂಧ್ರದ ಗಡಿ ದಾಟಿ ಉತ್ತರ ಪಿನಾಕಿನಿ ಸೇರುತ್ತದೆ, ಅದರ ನೀರು ನೆಲ್ಲೂರಿನ ಹತ್ತಿರ ಸಮುದ್ರಕ್ಕೆ. ಶಿಂಷಾ ದಕ್ಷಿಣಕ್ಕೆ ಇಳಿದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿ, ಮದ್ದೂರು ಹಾದು ಕಾವೇರಿಯನ್ನು ಸೇರುತ್ತದೆ. ಅದು ತಮಿಳುನಾಡಿನ ಪೂಂಪುಹಾರ್‌ನಲ್ಲಿ ಸಮುದ್ರಕ್ಕೆ. ಹೀಗೆ ಬಿದ್ದ ಮಳೆಯನ್ನು ಎರಡು ನದಿಗಳಿಗೆ ಹಂಚುವ ಬೆಟ್ಟದ ನೆತ್ತಿಗೆ ಜಲವಿಭಜಕ ಅನ್ನುತ್ತಾರೆ. ಮನೆಯ ಸೂರಿನ ಮೇಲೆ ಬಿದ್ದ ಮಳೆ ಅರ್ಧ ಮುಂದಿನ ಅಂಗಳಕ್ಕೆ, ಅರ್ಧ ಹಿತ್ತಲಿಗೆ ಇಳಿಯುತ್ತದಲ್ವಾ, ಹಾಗೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಸಂರಕ್ಷಿತ ಪ್ರದೇಶಕ್ಕೆ ಇಟ್ಟಿರುವುದು ಇದೇ ಜಯಮಂಗಲಿಯ ಹೆಸರು.

ಆದರೆ ನದಿ ಹುಟ್ಟುವ ಜಾಗ ಅಂದಕೂಡಲೇ ಜಲಪಾತ ನೆನೆಸಿಕೊಂಡು ಬರಬೇಡಿ. ಇವು ಮಳೆ ನಂಬಿದ ನದಿಗಳು. ಉಗಮದಲ್ಲಿ ಕಾಣುವುದು ಒದ್ದೆ ಹುಲ್ಲು, ಕಲ್ಲುಸಂದಿಯ ಜಿನುಗು, ಮಳೆ ಬಂದಾಗ ಒಂದು ಹಳ್ಳ. ಅದನ್ನು ಹುಡುಕಿಕೊಂಡು ಕಾಡಿಗೆ ನುಗ್ಗಬೇಡಿ. ಸುತ್ತಲಿನದು ಮೀಸಲು ಅರಣ್ಯ. ಅನುಮತಿ ಇಲ್ಲದೆ ರಸ್ತೆ ಬಿಟ್ಟು ಒಳಗೆ ಹೋಗುವುದು, ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಬೀಡಿ ತುಂಡಿಗೆ ಗುಡ್ಡವೇ ಸುಡುತ್ತದೆ.

ನೀರನ್ನು ಹತ್ತಿರದಿಂದ ನೋಡಬೇಕೆಂದರೆ ದೊಣೆ ಹುಡುಕಿ. ಬಂಡೆಯ ಮೇಲೆ ತಾನಾಗಿ ಆದ ಗುಂಡಿಯಲ್ಲಿ ಮಳೆನೀರು ನಿಂತರೆ ಅದು ದೊಣೆ. ಶುರುವಿನಲ್ಲಿ ಬೊಗಸೆಯಷ್ಟು ತಗ್ಗು. ನಿಂತ ನೀರು ಕಲ್ಲಿನ ಹರಳುಗಳ ನಡುವಿನ ಹಿಡಿತ ಸಡಿಲಿಸುತ್ತದೆ, ಮುಂದಿನ ಮಳೆ ಆ ಮರಳನ್ನು ತೊಳೆಯುತ್ತದೆ, ತಗ್ಗು ದೊಡ್ಡದಾಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಂಥದೊಂದು ಸಣ್ಣ ದೊಣೆಯ ಪಕ್ಕ ಹೊಟ್ಟೆ ಮೇಲೆ ಮಲಗಿ ನೋಡಿ. ತಳದಲ್ಲಿ ಬೆಣಚಿನ ಮರಳು, ಅಂಚಿಗೆ ಪಾಚಿ, ನಡುವೆ ಬಾಲ ಆಡಿಸುವ ಗೊದಮೊಟ್ಟೆಗಳು. ನೀರು ಆರುವುದರೊಳಗೆ ಕಾಲು ಬರಿಸಿಕೊಂಡು ಕಪ್ಪೆಯಾಗಿ ಹೊರಬೀಳಬೇಕು, ಅವುಗಳ ಅವಸರ ಅವಕ್ಕೆ. ದಯವಿಟ್ಟು ಅದರಲ್ಲಿ ಕೈಕಾಲು ತೊಳೆಯಬೇಡಿ. ದೊಡ್ಡ ದೊಣೆಗಳ ಆಳ ಮೇಲಿನಿಂದ ಗೊತ್ತಾಗುವುದಿಲ್ಲ, ಅಂಚು ಪಾಚಿಯಿಂದ ಜಾರುತ್ತದೆ. ಈಜು ಬಂದರೂ ಇಳಿಯಬೇಡಿ.

ಬಂಡೆಯ ಮೇಲೆ ಬಿಳಿ, ಬೂದು, ಹಳದಿ ಪಟ್ಟೆಗಳಿರುತ್ತವೆ. ಯಾರೋ ಬಣ್ಣ ಚೆಲ್ಲಿದ್ದಲ್ಲ. ಅವು ಕಲ್ಲಿನ ಮೇಲೆ ಬೆಳೆಯುವ ಕಲ್ಲುಹೂವಿನ ಜಾತಿ. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟರು. ಒಣಗಿದಾಗ ಅದರ ಮೇಲೆ ಹಿಡಿತ ಚೆನ್ನಾಗಿರುತ್ತದೆ. ಆದರೆ ನೀರು ಹರಿದ ಕಪ್ಪು ಪಟ್ಟೆಗಳ ಮೇಲೆ ಕಾಲಿಡಲೇಬೇಡಿ. ಒಣಗಿದಂತೆ ಕಂಡರೂ ಒಂದು ತುಂತುರು ಬಿದ್ದರೆ ಸಾಕು, ಎಣ್ಣೆ ಸವರಿದ ಹಾಗೆ. ಮಳೆ ಶುರುವಾದರೆ ಬಂಡೆಯಿಂದ ಮೆಟ್ಟಿಲಿಗೆ ಬಂದುಬಿಡಿ. ಗುಡುಗು ಕೇಳಿಸಿದರೆ ತುದಿಯಲ್ಲಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೆಳಗಿಳಿದು ಕಾರಿನೊಳಗೆ ಕೂತುಕೊಳ್ಳಿ.

ಹಕ್ಕಿ ನೋಡುವವರಿಗೆ ಒಂದೇ ಹೆಸರು ಹೇಳುತ್ತೇನೆ: ಹಳದಿ ಕತ್ತಿನ ಪಿಕಳಾರ. ದಕ್ಷಿಣ ಭಾರತದ ಕುರುಚಲು ತುಂಬಿದ ಕಲ್ಲುಬೆಟ್ಟಗಳಲ್ಲಿ ಮಾತ್ರ ಸಿಗುವ, ಜಗತ್ತಿನಲ್ಲೇ ಕಡಿಮೆಯಾಗುತ್ತಿರುವ ಹಕ್ಕಿ. ಊರಲ್ಲಿ ಕಾಣುವ ಕೆಂಪು ಬಾಲದ ಬುಡದ ಪಿಕಳಾರದಷ್ಟೇ ಗಾತ್ರ, ತಲೆ ಕತ್ತು ಹಳದಿ. ಬೇರೆ ಊರಿನಿಂದ ಕ್ಯಾಮೆರಾ ಹೊತ್ತು ಬರುವವರು ಇದಕ್ಕೋಸ್ಕರ ಬರುತ್ತಾರೆ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ. ಮರಿ ಮಾಡುವ ಕಾಲದಲ್ಲಿ ಅದು ಗೂಡು ಬಿಟ್ಟು ನಿಮ್ಮ ಫೋನಿನ ಜೊತೆ ಜಗಳಕ್ಕೆ ಬರುತ್ತದೆ.

8. ಇಳಿದ ಮೇಲೆ ಕೆಳಗಿನ ದೇವಸ್ಥಾನ

ಭೋಗನರಸಿಂಹನ ಗುಡಿ ದ್ರಾವಿಡ ಶೈಲಿಯದು, ಗೋಪುರ ಇದೆ. ಅರ್ಧ ಗಂಟೆ ಸಾಕು. ಬೆಟ್ಟದಲ್ಲಿ ನರಸಿಂಹ ತೀರ್ಥ, ಪರಾಶರ ತೀರ್ಥ, ಪಾದ ತೀರ್ಥ ಅಂತ ಮೂರು ತೀರ್ಥಗಳ ಹೆಸರು ಹೇಳುತ್ತಾರೆ. ಬಂಡೆ ಬೆಟ್ಟದ ಮೇಲೆ ನೀರು ನಿಲ್ಲುವ ಜಾಗವನ್ನು ಹಿಂದಿನವರು ಯಾಕೆ ದೇವರ ಹೆಸರಿಗೆ ಬರೆದಿಟ್ಟರು ಅನ್ನುವುದು ದೊಣೆ ನೋಡಿ ಬಂದವರಿಗೆ ಬೇರೆ ಹೇಳಬೇಕಿಲ್ಲ.

9. ನಾಮದ ಚಿಲುಮೆ

ವಾಪಸ್ ತುಮಕೂರಿನ ದಾರಿಯಲ್ಲಿ ಕಾಡಿನ ನಡುವೆ ಬರುತ್ತದೆ. ಚಿಲುಮೆ ಅಂದರೆ ನೆಲದಿಂದ ತಾನಾಗಿ ಉಕ್ಕುವ ನೀರಿನ ಬುಗ್ಗೆ. ವನವಾಸದಲ್ಲಿದ್ದ ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಂಡೆಗೆ ಬಾಣ ಬಿಟ್ಟನಂತೆ, ಆ ತೂತಿನಿಂದ ನೀರು ಬಂತಂತೆ. ಅದಕ್ಕೇ ನಾಮದ ಚಿಲುಮೆ.

ಕತೆ ಕೇಳಿ ದೊಡ್ಡ ಕೊಳ ಇರಬೇಕು ಅಂದುಕೊಂಡು ಬಂದವರು ‘ಇಷ್ಟೇನಾ’ ಅನ್ನುತ್ತಾರೆ. ಹೌದು, ಇಷ್ಟೇ. ಬಂಡೆಯಲ್ಲಿ ಒಂದು ಸಣ್ಣ ಗುಳಿ, ಅದರೊಳಗೆ ತಣ್ಣಗಿನ ನೀರು. ಆದರೆ ಏಪ್ರಿಲ್ ಕೊನೆಯಲ್ಲಿ, ಸುತ್ತಲಿನ ಊರಿನ ಬೋರ್‌ವೆಲ್‌ಗಳು ಕೆಮ್ಮುವ ಹೊತ್ತಿನಲ್ಲಿ ಬಂದು ನೋಡಿ. ಆಗಲೂ ಅದು ಹಾಗೇ ಇರುತ್ತದೆ. ಕಲ್ಲಿಗೆ ನೀರು ಹೀರುವ ಗುಣ ಇಲ್ಲ, ಬಿರುಕಿಗೆ ಇದೆ. ಮಳೆಗಾಲದಲ್ಲಿ ಕಾಡಿನ ತರಗೆಲೆ ಮತ್ತು ಮಣ್ಣು ನೀರನ್ನು ಹಿಡಿದಿಟ್ಟು ಬಂಡೆಯ ಬಿರುಕುಗಳಿಗೆ ನಿಧಾನಕ್ಕೆ ಬಿಡುತ್ತವೆ. ಅದು ಒಳಗೊಳಗೇ ಇಳಿದು, ಮುಂದೆ ದಾರಿ ಇಲ್ಲದ ಕಡೆ ಹೊರಗೆ ಬರುತ್ತದೆ. ಬೆಳಿಗ್ಗೆ ತುದಿಯಲ್ಲಿ ಬಿರುಕುಗಳನ್ನು ನೋಡಿ ಬಂದಿರುತ್ತೀರಲ್ಲ, ಚಿಲುಮೆಯನ್ನು ಕೊನೆಗೆ ಇಟ್ಟದ್ದು ಇದಕ್ಕೇ.

ಜಾಗ ಅರಣ್ಯ ಇಲಾಖೆಯದು. ಹಗಲು ಹೊತ್ತಿನಲ್ಲಿ ಮಾತ್ರ ಹೋಗಿ, ಪಕ್ಕದಲ್ಲೇ ಜಿಂಕೆಗಳ ಉದ್ಯಾನ ಇದೆ, ಮಕ್ಕಳಿದ್ದರೆ ತೋರಿಸಿ. ಜಿಂಕೆಗೆ ಚಿಪ್ಸ್ ತಿನ್ನಿಸಬೇಡಿ. ಚಿಲುಮೆಯ ಎದುರಿಗೆ ಹಳೆಯ ಅರಣ್ಯ ಬಂಗಲೆಯೊಂದರ ಅವಶೇಷ ಇದೆ. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸೀಮೆಯ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಉಳಿದುಕೊಂಡದ್ದು ಅಲ್ಲೇ. ಜಾಸ್ತಿ ಜನ ಅದರ ಕಡೆ ತಿರುಗಿಯೂ ನೋಡದೆ ಕಾರು ಹತ್ತುತ್ತಾರೆ.

10. ಹೊತ್ತಿನ ಲೆಕ್ಕ

ತುಮಕೂರು ಬಿಡುವುದು 6ಕ್ಕೆ. 7ರ ಹೊತ್ತಿಗೆ ಮೆಟ್ಟಿಲ ಬುಡ. ಎಂಟೂಮುಕ್ಕಾಲರವರೆಗೆ ತುದಿ. 10ಕ್ಕೆ ಕೆಳಗಿನ ದೇವಸ್ಥಾನದಿಂದ ಹೊರಟರೆ ಚಿಲುಮೆಯಲ್ಲಿ ಮುಕ್ಕಾಲು ಗಂಟೆ ಕಳೆದು 11.30ರೊಳಗೆ ವಾಪಸ್ ತುಮಕೂರು. ಬೆಂಗಳೂರಿನವರು ಎರಡು ಗಂಟೆ ಮುಂಚೆ ಮನೆ ಬಿಡಬೇಕು. ಈ ಹೊತ್ತು ಹಿಡಿದರೆ ಭಾನುವಾರವೂ ಪರವಾಗಿಲ್ಲ, ನೀವು ಇಳಿಯುವಾಗ ಜನ ಹತ್ತುತ್ತಿರುತ್ತಾರೆ. ತಟ್ಟೆ ಇಡ್ಲಿ ಮನಸ್ಸಲ್ಲಿದ್ದರೆ ಚಿಲುಮೆಯಲ್ಲಿ ಜಾಸ್ತಿ ಹೊತ್ತು ಕೂರಬೇಡಿ. ಕ್ಯಾತ್ಸಂದ್ರಕ್ಕೆ ಬರುವಷ್ಟರಲ್ಲಿ ಹನ್ನೆರಡಾದರೆ ಬಿಸಿ ಇಡ್ಲಿ ಬದಲು ಊಟದ ಎಲೆ ಹಾಕುವ ಹೊತ್ತಾಗಿರುತ್ತದೆ.